ಕೊಲ್ಲು ಎನ್ನದೆ ಮೀನು ತಿಂದವರು

ಡೋ ಸೇನ್ ಮ್ಯಾ ನಾಲ್ಕು ಕಾಲಿನದನ್ನು ತಿನ್ನುವುದು ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು, ಎರಡು ಕಾಲಿನದನ್ನು ಬಿಟ್ಟು ಹದಿನೇಳು. ಅವರ ಅಡುಗೆಮನೆಗೆ ನಾಲ್ಕು ಕಾಲೂರಿಕೊಂಡು ಬರಲು ಅಪ್ಪಣೆಯಿದ್ದದ್ದು ಊಟದ ಮೇಜಿಗೆ ಮಾತ್ರ ಎಂದು, ಬರ್ಮಾದ ಐರಾವತಿ ನದಿ ಸಮುದ್ರ ಸೇರುವ ಮೊದಲು ಹತ್ತು ಕಡೆ ಕವಲೊಡೆಯುವಲ್ಲಿರುವ ನಮ್ಮ ಪೇಟೆಯಲ್ಲಿ ಜನ ಆಡಿಕೊಳ್ಳುತ್ತಿದ್ದರು.

ಮೊದಲನೆಯ ವ್ರತ ಹಿಡಿದದ್ದು ಗಂಡ ಊ ಬ ಖೆಟ್‌ಗಾಗಿ. ಜ್ವರ ಬಂದು ಮಲಗಿದವರು ಮೂರು ವಾರವಾದರೂ ಏಳಲಿಲ್ಲ. ಸೇನ್ ಮ್ಯಾ ಪಗೋಡದ ಮೆಟ್ಟಿಲ ಮೇಲೆ ಮಂಡಿಯೂರಿ, ಇವರು ಎದ್ದು ಕೂತರೆ ಈ ಜನ್ಮದಲ್ಲಿ ದನ, ಹಂದಿ, ಆಡು ಬಾಯಿಗಿಡುವುದಿಲ್ಲ ಎಂದು ಹರಕೆ ಹೊತ್ತರು. ಗಂಡ ಎದ್ದು ಕೂತರು. ಕೂತವರು ಮೊದಲು ಕೇಳಿದ್ದು ಹಂದಿಮಾಂಸದ ಸಾರು. ಹರಕೆ ಹೊತ್ತದ್ದು ಹೆಂಡತಿಯಾದ್ದರಿಂದ ಅವರಿಗೆ ಅದು ಸಿಕ್ಕಿತು. ಮುಂದೆ ಹನ್ನೊಂದು ವರ್ಷ ಸಿಗುತ್ತಲೇ ಹೋಗಿ, ಅವರು ಬೇರೆ ಯಾವುದೋ ಕಾಯಿಲೆಯಿಂದ ತೀರಿಕೊಂಡರು. ಆಮೇಲೆ ಒಂದು ಬೆಳಗ್ಗೆ ಸೇನ್ ಮ್ಯಾ ಜಪಮಣಿ ತಿರುಗಿಸುತ್ತಿದ್ದಾಗ ಹಿತ್ತಿಲ ಕೋಳಿಯೊಂದು ಎದುರಿಗೆ ಬಂದು ಕತ್ತು ಓರೆ ಮಾಡಿ ಒಂದೇ ಕಣ್ಣಿನಲ್ಲಿ ಅವರನ್ನು ನೋಡಿತಂತೆ. ನೋಟದಲ್ಲಿ ಏನಿತ್ತೋ, ಅಂದಿನಿಂದ ಕೋಳಿ, ಬಾತು ಬಂದ್.

ಮೀನು ಹಾಗೆ ನೋಡುವುದಿಲ್ಲ. ನೋಡಿದರೂ ಅದರ ಕಣ್ಣು ಒಂದೊಂದು ಒಂದೊಂದು ದಿಕ್ಕಿಗಿರುವುದರಿಂದ ಯಾರನ್ನು ನೋಡಿತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಕಾಲಿಲ್ಲ, ಕೂಗಿಲ್ಲ, ಮರಿಯನ್ನು ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ಓಡಾಡುವುದಿಲ್ಲ. ಇಂಥ ಪ್ರಾಣಿಯ ಮೇಲೆ ಕರುಣೆ ತೋರಿಸುವುದಾದರೂ ಹೇಗೆ, ಎಲ್ಲಿಂದ ಶುರುಮಾಡುವುದು ಎಂದು ಸೇನ್ ಮ್ಯಾಗೆ ಗೊತ್ತಾಗಿರಲಿಲ್ಲ. ಹಾಗಾಗಿ ತಿನ್ನುತ್ತಿದ್ದರು.

ಪಕ್ಕದ ಮನೆಯ ಡೋ ಓನ್ ಖಿನ್ ಒಮ್ಮೆ ಕೆಣಕಿದ್ದುಂಟು. ಆಕೆ ಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವರು. ತಪ್ಪು ಹುಡುಕುವ ಕೆಲಸದಿಂದ ಮಾತ್ರ ನಿವೃತ್ತಿಯಾಗಿರಲಿಲ್ಲ.

"ಅಕ್ಕಾ, ಸಿಗಡಿಗೆ ಹತ್ತು ಕಾಲು ಅಲ್ವಾ?"

"ನಾನು ಬಿಟ್ಟಿರೋದು ಎರಡು, ನಾಲ್ಕು. ಹತ್ತರ ಮಾತು ನಾನು ಬುದ್ಧನ ಮುಂದೆ ಆಡೇ ಇಲ್ಲ," ಎಂದು ಸೇನ್ ಮ್ಯಾ ಸಿಗಡಿಯ ತಲೆ ಕಿತ್ತರು.

ತಿನ್ನುವುದು ಹೀಗೆ ಇತ್ಯರ್ಥವಾಯಿತು. ಉಳಿದದ್ದು ಕೊಲ್ಲುವುದು. ಪಂಚಶೀಲದ ಮೊದಲನೆಯದೇ ಜೀವ ತೆಗೆಯಬಾರದು ಎನ್ನುವುದು. ದಿನಾ ಬೆಳಗ್ಗೆ ಬುದ್ಧನ ಮುಂದೆ ಕೈಮುಗಿದು ಒಪ್ಪಿಕೊಂಡು ಬರುವ ಮಾತು. ಅದನ್ನೂ ಉಳಿಸಿಕೊಂಡು ಮೀನನ್ನೂ ಉಳಿಸಿಕೊಳ್ಳಲು ನಮ್ಮ ಪೇಟೆಯ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದರು. ಅದರಲ್ಲಿ ಸೇನ್ ಮ್ಯಾಗೆ ಇದ್ದ ಕೈಚಳಕ ಇನ್ನೊಬ್ಬರಿಗಿರಲಿಲ್ಲ.

ಮಾರುಕಟ್ಟೆಯ ಬಾಗಿಲಲ್ಲೇ ಮಾ ಲೇ ನ್ವೆ ಎಂಬ ಮೀನಿನವಳು ಕೂರುತ್ತಿದ್ದಳು. ಮುಂದೆ ಎರಡು ಅಲ್ಯೂಮಿನಿಯಂ ಬೋಗುಣಿ, ಅವುಗಳಲ್ಲಿ ಜೀವಂತ ಕೊರವ ಮೀನು, ಹಾರದಂತೆ ಮೇಲೊಂದು ಬಲೆ, ಪಕ್ಕದಲ್ಲಿ ಮರದ ಕೊಡತಿ. ಸೇನ್ ಮ್ಯಾ ಬಂದು ಬಗ್ಗಿ ನೋಡಿ, ಒಂದರ ಕಡೆ ಗದ್ದ ಎತ್ತಿ, "ಇದು ಚೆನ್ನಾಗಿ ಬೆಳೆದಿದೆ ಅಲ್ವೇನೇ?" ಎನ್ನುವರು. ಬರೀ ಮೆಚ್ಚುಗೆ. ಮೆಚ್ಚುವುದರಲ್ಲಿ ಪಾಪವೇನು? ಆಮೇಲೆ ಏನೋ ನೆನಪಾದಂತೆ ಎದುರಿನ ಈರುಳ್ಳಿ ಅಂಗಡಿಗೆ ಹೋಗಿ ಬೆನ್ನು ಹಾಕಿ ನಿಲ್ಲುವರು. ಹಿಂದೆ 'ಧಡ್' ಎಂದು ಒಂದು ಸದ್ದು. ಈರುಳ್ಳಿ ಆರಿಸಿಕೊಂಡು ತಿರುಗಿ ಬಂದು, "ಅಯ್ಯೋ, ಹೋಯ್ತಾ ಪಾಪ?" ಎನ್ನುವರು.

"ಹೋಯ್ತು, ದೊಡ್ಡಮ್ಮಾ."

"ಮುಂದಿನ ಜನ್ಮದಲ್ಲಾದ್ರೂ ಒಳ್ಳೇ ಕಡೆ ಹುಟ್ಟಲಿ. ಹೋಗಿದ್ದು ಹೋಯ್ತು, ಕಟ್ಟಿಕೊಡು."

ಹೀಗೆ ಎಲ್ಲರೂ ಮಾಡುತ್ತಿದ್ದದ್ದರಿಂದ ನಮ್ಮ ಪೇಟೆಯ ಸಾರುಗಳಲ್ಲಿ ಈರುಳ್ಳಿ ಬೇಕಾದ್ದಕ್ಕಿಂತ ಯಾವಾಗಲೂ ಜಾಸ್ತಿ. ಈರುಳ್ಳಿಯವನು ಎರಡಂತಸ್ತಿನ ಮನೆ ಕಟ್ಟಿಸಿದ. ಮಾ ಲೇ ನ್ವೆ ಮಾತ್ರ ಅದೇ ಒದ್ದೆ ಹಲಗೆಯ ಮೇಲೆ ಹತ್ತೊಂಬತ್ತು ವರ್ಷ ಕೂತಿದ್ದಳು. ಅಗಲ ಭುಜದ, ಬಾಯಲ್ಲಿ ಎಲೆಯಡಿಕೆ ಬಿಡದ ಹೆಂಗಸು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅನ್ನ, ಬೇಯಿಸಿದ ಬಟಾಣಿ, ಎಣ್ಣೆ. "ನೀನು ಮೀನು ತಿನ್ನಲ್ವೇನೇ?" ಎಂದು ಯಾರೋ ಕೇಳಿದ್ದಕ್ಕೆ, "ದಿನವೆಲ್ಲಾ ಇದರ ಮುಖ ನೋಡಿ, ಊಟಕ್ಕೂ ಇದನ್ನೇ ಕರೀಲಾ?" ಎಂದಿದ್ದಳು. ಕೊಲ್ಲುವವಳು ತಿನ್ನುತ್ತಿರಲಿಲ್ಲ, ತಿನ್ನುವವರು ಕೊಲ್ಲುತ್ತಿರಲಿಲ್ಲ. ಇಷ್ಟು ಚೊಕ್ಕವಾದ ಏರ್ಪಾಡು ಕೆಟ್ಟದ್ದು ಒಂದು ಪ್ರಶ್ನೆಯಿಂದ.

ಹುಣ್ಣಿಮೆಯ ದಿನ ವಿಹಾರದ ಹಿರಿಯ ಭಿಕ್ಷುಗಳು, ನಮ್ಮ ಸಯಾಡೋ, ಮೊದಲ ಶೀಲದ ಮೇಲೆ ಪ್ರವಚನ ಮಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಸೇನ್ ಮ್ಯಾ, ಓನ್ ಖಿನ್ ಮೊದಲಾದವರು ತಲೆದೂಗುತ್ತಿದ್ದರು. ಹಿಂದೆ ಕಂಬದ ಬಳಿ, ಮೀನಿನ ವಾಸನೆ ಯಾರಿಗೂ ತಾಗದಷ್ಟು ದೂರದಲ್ಲಿ ಕೂತಿದ್ದ ಮಾ ಲೇ ನ್ವೆ ಕೈಮುಗಿದು ಎದ್ದು ನಿಂತಳು.

"ಸ್ವಾಮಿ, ಒಬ್ಬರು ಕೊಲ್ಲು ಅಂತ ಹೇಳಿ ಇನ್ನೊಬ್ಬರು ಕೊಂದರೆ ಪಾಪ ಅರ್ಧರ್ಧ ಆಗುತ್ತಾ?"

"ಅದೇನು ಹಂಚೋಕೆ ಹಲಸಿನ ಹಣ್ಣೇನಮ್ಮಾ? ಹೇಳಿದವರಿಗೂ ಪೂರ್ತಿ, ಮಾಡಿದವರಿಗೂ ಪೂರ್ತಿ."

"ಯಾರೂ ಹೇಳದೆ ನಾನೇ ಕೊಂದರೆ?"

"ಆಗ ನಿನ್ನೊಬ್ಬಳದೇ."

ಮಾ ಲೇ ನ್ವೆ ಕೂತಳು. ಮುಂದಿನ ಸಾಲು ಇನ್ನೂ ತಲೆದೂಗುತ್ತಲೇ ಇತ್ತು. ಮೀನಿನವಳೊಬ್ಬಳು ಧರ್ಮದ ಪ್ರಶ್ನೆ ಕೇಳಿದಳಲ್ಲ ಎಂದು ಸೇನ್ ಮ್ಯಾಗೆ ಸಂತೋಷವೇ ಆಯಿತು.

ಮರುದಿನ ಅವರು ಎಂದಿನಂತೆ ಗದ್ದ ಎತ್ತಿ ಮೆಚ್ಚಿ, ಈರುಳ್ಳಿ ಅಂಗಡಿಗೆ ಹೋಗಿ ಬೆನ್ನು ಹಾಕಿ ನಿಂತರು. ಸದ್ದು ಬರಲಿಲ್ಲ. ಈರುಳ್ಳಿ ಆರಿಸಿದ್ದಾಯಿತು, ಬೆಳ್ಳುಳ್ಳಿಯನ್ನೂ ಆರಿಸಿದ್ದಾಯಿತು. ತಿರುಗಿ ನೋಡಿದರೆ ಮೀನು ನೀರಿನಲ್ಲಿ ಸುತ್ತು ಹಾಕುತ್ತಿತ್ತು, ಮಾ ಲೇ ನ್ವೆ ಅಡಿಕೆ ಜಗಿಯುತ್ತಿದ್ದಳು.

"ಏನೇ, ಇನ್ನೂ ಇದೆ?"

"ಇರದೆ ಇನ್ನೇನು ದೊಡ್ಡಮ್ಮಾ? ಯಾರೂ ಏನೂ ಹೇಳಲಿಲ್ಲವಲ್ಲ."

"ನಾನು ಚೆನ್ನಾಗಿದೆ ಅಂದೆ."

"ಹೂಂ, ಚೆನ್ನಾಗೇ ಇದೆ. ಹೀಗೇ ತಗೊಂಡು ಹೋಗಿ. ಇಲ್ಲಾಂದ್ರೆ ಬಾಯಿಬಿಟ್ಟು ಹೇಳಿ, ಕೊಲ್ಲು ಅಂತ. ಹೇಳಿದವರಿಗೆ ಕೊಂದು ಕೊಡ್ತೀನಿ."

"ಹುಚ್ಚು ಹಿಡೀತೇನೇ ನಿನಗೆ? ಹತ್ತೊಂಬತ್ತು ವರ್ಷದಿಂದ..."

"ಹತ್ತೊಂಬತ್ತು ವರ್ಷದ್ದು ನನ್ನ ತಲೆ ಮೇಲೇ ಇರಲಿ, ಬೇಡ ಅಂದ್ನಾ? ಇನ್ನು ಮುಂದಿನದಕ್ಕೆ ಹೇಳ್ತಾ ಇದ್ದೀನಿ. ನರಕಕ್ಕೆ ಹೋಗೋದಂತೂ ಹೋಗ್ತೀನಿ. ಪರಿಚಯದವರು ನಾಲ್ಕು ಜನ ಜೊತೆಗಿದ್ರೆ ದಾರಿ ಸಾಗುತ್ತೆ."

ಪೇಟೆ ಅಲ್ಲೋಲಕಲ್ಲೋಲವಾಯಿತು. ಗಂಡಸರು ಇದನ್ನು ಟೀ ಅಂಗಡಿಯಲ್ಲಿ ಕೂತು ಖಂಡಿಸಿದರು. ಖಂಡಿಸಿದವರಲ್ಲಿ ಯಾರೂ ಬಂದು ಆ ಒಂದು ಶಬ್ದ ಹೇಳಿ ಮೀನು ಒಯ್ಯಲಿಲ್ಲ. ಹೆಂಗಸರು ಜೀವಂತ ಮೀನನ್ನೇ ಮನೆಗೆ ಒಯ್ದು, ಅದು ತಾನಾಗಿ ಸಾಯಲಿ ಎಂದು ಕಾದರು. ಬೇರೆ ಮೀನಾಗಿದ್ದರೆ ಅಷ್ಟು ಹೊತ್ತಿಗೆ ಉಪಕಾರ ಮಾಡಿರುತ್ತಿತ್ತೋ ಏನೋ. ಕೊರವ ಮೀನು ನೀರಿಲ್ಲದೆಯೂ ಗಾಳಿ ಕುಡಿದು ಬದುಕುವ ಜಾತಿ.

ಸೇನ್ ಮ್ಯಾ ಒಂದನ್ನು ಒಣ ಬಾನಿಯಲ್ಲಿ ಹಾಕಿ ತಟ್ಟೆ ಮುಚ್ಚಿ, "ನಾನಂತೂ ಏನೂ ಮಾಡ್ತಿಲ್ಲಪ್ಪಾ" ಎಂದು ಅದಕ್ಕೆ ತಿಳಿಹೇಳಿ, ಜಪಕ್ಕೆ ಕೂತರು. ಮಣಿ ಇನ್ನೂ ಒಂದು ಸುತ್ತು ಬಂದಿಲ್ಲ, ತಟ್ಟೆ ಠಣ್ಣೆಂದು ಬಿತ್ತು. ಮೀನು ಬಚ್ಚಲ ಕಡೆಗೆ ನಡೆದಿತ್ತು, ನಡೆಯುವುದು ಎಂದೇ ಹೇಳಬೇಕು, ಕಾಲಿಲ್ಲದಿದ್ದರೂ. ಪೊರಕೆಯಿಂದ ದೂಡಿ ತಂದು ಮತ್ತೆ ಹಾಕಿದರು, ತಟ್ಟೆಯ ಮೇಲೆ ಒರಳುಕಲ್ಲಿನ ಗುಂಡಿಟ್ಟರು. ಮಧ್ಯಾಹ್ನ ತೆಗೆದು ನೋಡಿದರೆ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ನೋಡಲಾರದೆ ಒಂದು ಚೊಂಬು ನೀರು ಹೊಯ್ದರು. ಅದು ಬಾಲ ಬಡಿದು ಚೇತರಿಸಿಕೊಂಡಿತು. ಸಂಜೆ ನೀರು ಚೆಲ್ಲಿದರು, ಬೆಳಗ್ಗೆ ಕನಿಕರ ಬಂದು ಹೊಯ್ದರು. ಮೀನನ್ನು ಹೀಗೆ ಮೂರು ದಿನ ಸಾಯಿಸದೆ ಸಾಯಿಸುತ್ತ, ಇಷ್ಟಾದರೂ ಶೀಲಕ್ಕೆ ಭಂಗವಿಲ್ಲವಲ್ಲ ಎಂಬ ಸಮಾಧಾನ ಯಾಕೋ ಪೂರ್ತಿ ದಕ್ಕದೆ, ನಾಲ್ಕನೆಯ ದಿನ ಅದನ್ನು ಕೆರೆಗೆ ಬಿಟ್ಟು ಬಂದರು. ಓನ್ ಖಿನ್ ತಮ್ಮದನ್ನು ಬೆಕ್ಕಿನ ಮುಂದೆ ಬಿಟ್ಟಿದ್ದರಂತೆ. ಬೆಕ್ಕಿನ ಮೂತಿಗೆ ಬಾಲದೇಟು ಬಿದ್ದು ಅದು ಎರಡು ದಿನ ಮನೆಗೇ ಬರಲಿಲ್ಲ.

ಇಷ್ಟರಲ್ಲಿ ಊ ಬ ಖೆಟ್ ತೀರಿಕೊಂಡ ದಿನ ಹತ್ತಿರವಾಯಿತು.

ಪ್ರತಿವರ್ಷ ಆ ದಿನ ಸಯಾಡೋ ಮತ್ತು ನಾಲ್ವರು ಭಿಕ್ಷುಗಳು ಸೇನ್ ಮ್ಯಾ ಮನೆಗೆ ಊಟಕ್ಕೆ ಬರುತ್ತಿದ್ದರು. ಹುಣಸೆಹುಳಿ, ಅರಿಸಿನ, ಅರೆದ ಈರುಳ್ಳಿ ಹಾಕಿ ಎಣ್ಣೆ ಬಿಡುವ ತನಕ ಕುದಿಸಿದ ಕೊರವ ಮೀನಿನ ಸಾರು ಆ ಮನೆಯ ಹೆಸರು. ಬೇರೆ ಮನೆಗಳಲ್ಲಿ ಎರಡು ತುತ್ತಿಗೆ ಕೈ ತೊಳೆಯುವ ಸಯಾಡೋ ಅಲ್ಲಿ ಮಾತ್ರ ಬಟ್ಟಲನ್ನು ತಾವೇ ಹತ್ತಿರಕ್ಕೆ ಎಳೆದುಕೊಳ್ಳುವರೆಂಬುದು ಬೀದಿಗೆಲ್ಲ ಗೊತ್ತು. ಗಂಡ ಹೋದಮೇಲೆ ಸೇನ್ ಮ್ಯಾಗೆ ಪೇಟೆಯಲ್ಲಿ ಇದ್ದ ಸ್ಥಾನಮಾನವೆಲ್ಲ ಆ ಒಂದು ಬಟ್ಟಲು, ಅದನ್ನು ಎಳೆದುಕೊಳ್ಳುವ ಆ ಒಂದು ಕೈ. ಐಸಿನಲ್ಲಿಟ್ಟ ಸಮುದ್ರದ ಮೀನು ಹಾಕಿ ಒಂದು ಸಲ ಮಾಡಿ ನೋಡಿದರು. ವಾಸನೆಗೆ ಓನ್ ಖಿನ್ ಕಿಟಕಿ ಮುಚ್ಚಿಕೊಂಡದ್ದು ಕೇಳಿಸಿತು. ಈ ಸಲ ಬಟ್ಟಲು ತಪ್ಪಿದರೆ ಇನ್ನು ಮುಂದೆ ಸಯಾಡೋ ಊಟಕ್ಕೆ ಯಾರ ಮನೆಗೆ ಹೋಗುವರೆಂದು ಆ ಕಿಟಕಿಯೇ ಹೇಳುವಂತಿತ್ತು.

ಆ ದಿನ ಬೆಳಕು ಹರಿಯುತ್ತಲೇ ಅವರು ಮಾರುಕಟ್ಟೆಗೆ ಹೋದರು. ಆಗಲೇ ಓನ್ ಖಿನ್ ಸೇರಿ ಏಳೆಂಟು ಜನ ಹೆಂಗಸರು ಈರುಳ್ಳಿ ಅಂಗಡಿಯ ಮುಂದೆ, ಯಾರಾದರೂ ಒಬ್ಬರು ಹೇಳಿಯಾರೆಂದು ಕಾಯುತ್ತ, ಈರುಳ್ಳಿಗಳನ್ನು ಸುಮ್ಮನೆ ಹೊರಳಾಡಿಸುತ್ತಿದ್ದರು.

"ಲೇ ನ್ವೆ, ದೊಡ್ಡವು ಆರು ಬೇಕು ಕಣೇ. ಸ್ವಲ್ಪ ಸಿದ್ಧ ಮಾಡಿಕೊಡು."

"ಸಿದ್ಧ ಅಂದ್ರೆ ಪೌಡರ್ ಹಚ್ಚಲಾ?"

"ತಮಾಷೆ ಬೇಡ. ಮನೆಗೆ ಒಯ್ಯೋ ಹಾಗೆ ಮಾಡು."

"ಬುಟ್ಟಿಗೆ ಹಾಕಿದ್ರೆ ಒಯ್ಯಬಹುದು."

"ಯಾವಾಗ್ಲೂ ಮಾಡ್ತಿದ್ಯಲ್ಲ, ಹಾಗೆ."

"ಯಾವಾಗ್ಲೂ ಏನು ಮಾಡ್ತಿದ್ದೆ ದೊಡ್ಡಮ್ಮಾ? ನೀವು ಯಾವಾಗ್ಲೂ ಆ ಕಡೆ ತಿರುಗಿರ್ತಿದ್ರಿ, ನಿಮಗೆ ಹೇಗೆ ಗೊತ್ತು?"

ಈರುಳ್ಳಿ ಅಂಗಡಿಯ ಮುಂದೆ ಒಬ್ಬರು ಕೆಮ್ಮಿದರು. ಸೇನ್ ಮ್ಯಾ ದನಿ ತಗ್ಗಿಸಿದರು. "ನನ್ನ ಬಾಯಿಚಪಲಕ್ಕಲ್ಲ ಕಣೇ. ಸಯಾಡೋ ಊಟಕ್ಕೆ ಬರ್ತಾರೆ ಇವತ್ತು. ಅವರಿಗೋಸ್ಕರ." ಇಷ್ಟು ದೊಡ್ಡ ಪುಣ್ಯದ ಪಕ್ಕದಲ್ಲಿಟ್ಟರೆ ಆ ಶಬ್ದ ಸಣ್ಣದಾಗಿ ಕಾಣಬಹುದೆಂದು ಅವರ ಲೆಕ್ಕಾಚಾರ.

"ಸಯಾಡೋಗಾ? ಒಳ್ಳೇದಾಯ್ತು. ಹಾಗಾದ್ರೆ ಹೇಳಿ."

ಸೇನ್ ಮ್ಯಾ ಆಕಾಶ ನೋಡಿದರು, ನೆಲ ನೋಡಿದರು. ಬೋಗುಣಿಯಲ್ಲಿ ಮೀನೊಂದು ಮೇಲೆ ಬಂದು ಗುಳುಕ್ಕೆಂದು ಗಾಳಿ ಕುಡಿದು ಕೆಳಗೆ ಹೋಯಿತು.

"ಕೊಲ್ಲು," ಎಂದರು.

"ಆರನ್ನೂ?"

"ಆರನ್ನೂ ಕೊಲ್ಲು, ಮಾರಾಯ್ತಿ!"

ಅದು ಅವರು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಟೀ ಅಂಗಡಿಯಲ್ಲಿ ಲೋಟಗಳು ನಿಂತವು. ಮಾ ಲೇ ನ್ವೆ ನಗಲಿಲ್ಲ. ಬಾಯಿಯ ಅಡಿಕೆಯನ್ನು ಉಗಿದು ಬಂದು ಕೊಡತಿ ಎತ್ತಿಕೊಂಡಳು. ಈ ಸಲ ಹೋಗಿ ನಿಲ್ಲಲು ಈರುಳ್ಳಿ ಅಂಗಡಿಯ ಮುಂದೆ ಜಾಗವಿರಲಿಲ್ಲವಾದ್ದರಿಂದ ಸೇನ್ ಮ್ಯಾ ಅಲ್ಲೇ ನಿಂತು ಆರೂ ಸಾಯುವುದನ್ನು ನೋಡಿದರು. ಸದ್ದಿಗಿಂತ ಕೆಲಸ ಸಣ್ಣದಾಗಿತ್ತು. ಎರಡನೆಯದಕ್ಕೆ ಎರಡು ಏಟು ಬೇಕಾಯಿತು.

ಸಾರು ಎಂದಿಗಿಂತ ಚೆನ್ನಾಗಿ ಬಂತು. ಹತ್ತೂವರೆಗೆ ಐವರು ಭಿಕ್ಷುಗಳು ಬಂದು ಚಾಪೆಯ ಮೇಲೆ ಕೂತರು. ಓನ್ ಖಿನ್ ಮತ್ತು ಬೀದಿಯ ಹೆಂಗಸರು ಹಿಂದೆ ಸಾಲಾಗಿ ಮಂಡಿಯೂರಿದರು. ಸೇನ್ ಮ್ಯಾ ಬಟ್ಟಲುಗಳಿದ್ದ ಗಿಡ್ಡ ಮೇಜನ್ನು ಎತ್ತಿ ಭಿಕ್ಷುಗಳ ಕೈಗೆ ಮುಟ್ಟಿಸಿ ಅರ್ಪಿಸಿ ಹಿಂದೆ ಸರಿದರು. ಸಯಾಡೋ ಬಟ್ಟಲ ಕಡೆಗೆ ಕೈ ಚಾಚಿದರು, ಚಾಚಿದ ಕೈ ಅರ್ಧದಲ್ಲಿ ನಿಂತಿತು. ಬೆಳಗ್ಗೆ ಭಿಕ್ಷೆಗೆ ಹೋದಾಗ ದಾರಿಯಲ್ಲಿ ಏನು ಕಿವಿಗೆ ಬಿದ್ದಿತ್ತೋ.

"ಉಪಾಸಿಕೆ, ಕೇಳಲೇಬೇಕಾದ್ದರಿಂದ ಕೇಳ್ತೀನಿ. ನಮಗೋಸ್ಕರ ಕೊಂದದ್ದು ಅಂತ ಕಂಡರೆ, ಕೇಳಿದರೆ, ಅನುಮಾನ ಬಂದರೂ ಸಾಕು, ನಾವು ತಿನ್ನುವ ಹಾಗಿಲ್ಲ. ಈ ಮೀನು ಹೇಗೆ ಸತ್ತಿತು?"

ಸತ್ತದ್ದೇ ಸಿಕ್ಕಿತು ಎಂದರೆ ಬಟ್ಟಲು ಉಳಿಯುತ್ತದೆ. ಸುಳ್ಳು ನಾಲ್ಕನೆಯ ಶೀಲ, ಮೊದಲನೆಯದು ಹೇಗೂ ಬೆಳಗ್ಗೆಯೇ ಹೋಗಿದೆ. ಸೇನ್ ಮ್ಯಾ ಹೀಗೆ ಲೆಕ್ಕ ಹಾಕುತ್ತಿದ್ದಂತೆ ಹಿಂದಿನಿಂದ ಓನ್ ಖಿನ್ ಸಕ್ಕರೆಯಂಥ ದನಿಯಲ್ಲಿ, "ಸ್ವಾಮಿ, ಬುಟ್ಟಿಯಲ್ಲೇ ಸತ್ತು ಮಲಗಿದ್ವು. ನಾನೇ ಕಣ್ಣಾರೆ ಕಂಡೆ," ಎಂದರು. ಆ ಹೊತ್ತಿನಲ್ಲಿ ಆಕೆ ಈರುಳ್ಳಿಗೆ ಮುಖ ಕೊಟ್ಟು ನಿಂತಿದ್ದುದನ್ನು ಸೇನ್ ಮ್ಯಾ ಕಣ್ಣಾರೆ ಕಂಡಿದ್ದರು. ತಮ್ಮ ಪರವಾಗಿ ಸುಳ್ಳನ್ನೂ ಬೇರೆಯವರೇ ಹೇಳಿ ಮುಗಿಸುತ್ತಿದ್ದಾರೆ, ತಾವು ಸುಮ್ಮನೆ ಬೆನ್ನು ಹಾಕಿ ನಿಂತರೆ ಸಾಕು! ಅದೇ ಯಾಕೋ ಅವರಿಗೆ ಮೈಯೆಲ್ಲ ಉರಿಸಿತು.

"ಇಲ್ಲ ಸ್ವಾಮಿ. ನಾನು ಕೊಲ್ಲಿಸಿದೆ. ಕೊಲ್ಲು ಅಂತ ನಾನೇ ಹೇಳಿದೆ. ಎರಡು ಸಲ ಹೇಳಿದೆ. ಇಷ್ಟು ವರ್ಷ ಹೇಳದೆ ಕೊಲ್ಲಿಸಿದೆ, ಇವತ್ತು ಹೇಳಿ ಕೊಲ್ಲಿಸಿದೆ. ನಿಮಗೋಸ್ಕರವೇ."

ಹೆಂಗಸರೆಲ್ಲ ಎದೆ ಮುಟ್ಟಿಕೊಂಡರು. ಅವರಿಗೆ ದಿಗಿಲಾದದ್ದು ಕೊಂದದ್ದಕ್ಕಲ್ಲ, ಹೇಳಿದ್ದಕ್ಕೆ.

ಸಯಾಡೋ ಬಟ್ಟಲನ್ನು ನೋಡಿದರು. ಎಣ್ಣೆಯ ಮೇಲೆ ಮೆಣಸಿನಕಾಯಿ ತೇಲುತ್ತಿತ್ತು. "ಇಷ್ಟು ವರ್ಷ ಕೇಳಬೇಕು ಅಂತ ನನಗೂ ಹೊಳೀಲಿಲ್ಲ ನೋಡು," ಎಂದರು. "ರುಚಿಯಾಗಿರುತ್ತಿತ್ತು. ಅನುಮಾನ ಬರದ ಹಾಗೆ ನೋಡಿಕೊಂಡೆ." ಆಮೇಲೆ ಬಟ್ಟಲನ್ನು ಎರಡು ಬೆರಳಿನಿಂದ ಆಚೆಗೆ ಸರಿಸಿ, "ಆ ಪುಂಡಿಸೊಪ್ಪಿನ ಸಾರು ಇತ್ತ ಬರಲಿ," ಎಂದರು. ಉಳಿದ ನಾಲ್ವರೂ ಪುಂಡಿಸೊಪ್ಪನ್ನೇ ತಿಂದರು. ಕೊನೆಯಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಭಿಕ್ಷುವಿನ ಕಣ್ಣು ಮಾತ್ರ ಎರಡು ಸಲ ದಾರಿ ತಪ್ಪಿತು.

ಧಾರೆಯ ನೀರು ಹೊಯ್ದು, ಪುಣ್ಯವನ್ನು ಊ ಬ ಖೆಟ್‌ಗೆ ಹಂಚಿ, ಎಲ್ಲರೂ ಸಾಧು ಸಾಧು ಎಂದಮೇಲೆ ಸೇನ್ ಮ್ಯಾ ಭಿಕ್ಷುಗಳನ್ನು ಬೀದಿಯ ತಿರುವಿನ ತನಕ ಬಿಟ್ಟು ಬರಲು ಹೋದರು. ಹೋದಾಗ ಮೀನುಸಾರಿನ ಪಾತ್ರೆ ಒಲೆಯ ಪಕ್ಕ ತುಂಬಿತ್ತು. ಪಾತ್ರೆಯ ಸುತ್ತ ಕೂತಿದ್ದವರು ವಿಚಾರ ಮಾಡಿದರು.

"ಸಯಾಡೋಗೆ ಅಂತ ಕೊಂದಿದ್ದು," ಎಂದರು ಓನ್ ಖಿನ್. "ನಮಗೋಸ್ಕರ ಅಲ್ಲವಲ್ಲ."

"ನಾವು ಹೇಳೂ ಇಲ್ಲ."

"ಬಿಸಾಕಿದ್ರೆ ಅದಕ್ಕೆ ಇನ್ನೂ ಅವಮಾನ."

ಸೇನ್ ಮ್ಯಾ ತಿರುಗಿ ಬರುವಷ್ಟರಲ್ಲಿ ಸೌಟು ಪಾತ್ರೆಯ ತಳವನ್ನು ಕೆರೆಯುತ್ತಿತ್ತು. ಇಷ್ಟು ನಿರ್ಮಲವಾದ ಮನಸ್ಸಿನಿಂದ ನಮ್ಮ ಬೀದಿ ಎಂದೂ ಮೀನು ತಿಂದಿರಲಿಲ್ಲ. ಈ ಕತೆ ಹೇಳುವವನ ತಟ್ಟೆಗೂ ಎರಡು ತುಂಡು ಬಿದ್ದಿದ್ದವು, ಒಂದರಲ್ಲಿ ಮೊಟ್ಟೆಯೂ ಇತ್ತು. ಮನೆಯೊಡತಿ ಉಳಿದ ಅನ್ನಕ್ಕೆ ಪುಂಡಿಸೊಪ್ಪು ಕಲಸಿಕೊಂಡು, ಯಾರ ಜೊತೆಗೂ ಮಾತಾಡದೆ ತಿಂದರು.

ಒಂದು ವಾರ ಅವರು ಮಾರುಕಟ್ಟೆಯ ಕಡೆ ಹಾಯಲಿಲ್ಲ. ಎಂಟನೆಯ ದಿನ ಹೋದಾಗ ಈರುಳ್ಳಿ ಅಂಗಡಿಯ ಮುಂದಿನ ಗುಂಪು ತಮ್ಮನ್ನು ಕಂಡು ಬೆನ್ನು ತಿರುಗಿಸುವುದೆಂದು ಸೇನ್ ಮ್ಯಾ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಗುಂಪು ಅವರ ಕಡೆಗೇ ಬಂತು. ಮುಂದೆ ಓನ್ ಖಿನ್.

"ಅಕ್ಕಾ, ನಿಮ್ಮನ್ನೇ ಕಾಯ್ತಾ ಇದ್ವಿ. ನಮ್ಮವಕ್ಕೂ ನೀವೇ ಒಂದು ಮಾತು ಹೇಳಿಬಿಡಿ."

"ಯಾವ ಮಾತು?"

"ಅದೇ, ನೀವು ಅವತ್ತು ಹೇಳಿದ್ದು. ನಿಮ್ಮ ಬಾಯಿಂದ ಹೇಗೂ ಒಂದ್ಸಲ ಬಂದುಹೋಗಿದೆ. ಇನ್ನು ಹತ್ತು ಸಲ ಬಂದ್ರೂ ನಿಮಗೇನು ವ್ಯತ್ಯಾಸ? ನಾವು ಇನ್ನೂ ಶುದ್ಧವಾಗಿದ್ದೀವಿ."

ಐದಾರು ಜನ ಹೆಂಗಸರು ಬುಟ್ಟಿ ಹಿಡಿದು, ಅವರ ಒಂದು ಮಾತಿಗಾಗಿ ಭಕ್ತಿಯಿಂದ ಕಾಯುತ್ತಿದ್ದರು. ಸುಳ್ಳು ಹೇಳಬಾರದು, ಒಂದು ಗಳಿಗೆ ಸೇನ್ ಮ್ಯಾಗೆ ಹೆಮ್ಮೆಯೇ ಆಯಿತು. ಬಟ್ಟಲು ಹೋದಮೇಲೆ ಯಾರೂ ಅವರನ್ನು ಹೀಗೆ ಏನನ್ನೂ ಕೇಳಿರಲಿಲ್ಲ. ಬಾಯಿ ತೆರೆದೂ ತೆರೆದರು.

"ಹುಷಾರು ದೊಡ್ಡಮ್ಮಾ," ಎಂದಳು ಕೆಳಗಿನಿಂದ ಮಾ ಲೇ ನ್ವೆ. "ನೀವೀಗ ಕೂರೋಕೆ ಹೊರಟಿರೋದು ನನ್ನ ಹಲಗೆ ಮೇಲೆ. ಒದ್ದೆ ಇರುತ್ತೆ."

ಸೇನ್ ಮ್ಯಾ ಬಾಯಿ ಮುಚ್ಚಿದರು. ಆಮೇಲೆ ಬೋಗುಣಿಯ ಮುಂದೆ ಬಗ್ಗಿ, ಗದ್ದ ಎತ್ತದೆ ಬೆರಳಿಟ್ಟು ತೋರಿಸಿದರು. "ನನಗೊಂದು. ಆ ಸಣ್ಣದು ಸಾಕು. ಕೊಲ್ಲು." ತಿರುಗಿ ಓನ್ ಖಿನ್ ಕಡೆಗೆ, "ಸ್ಕೂಲಲ್ಲಿ ಮಕ್ಕಳಿಗೆ ಬಾಯಿಬಿಟ್ಟು ಹೇಳು, ಬಾಯಿಬಿಟ್ಟು ಹೇಳು ಅಂತ ಮೂವತ್ತು ವರ್ಷ ಬೆತ್ತ ಬೀಸಿದೀಯ. ಈಗ ನಿನ್ನ ಸರದಿ," ಎಂದರು.

ಕೊಡತಿ ಬಿತ್ತು. ಮೀನು ಎಲೆಯಲ್ಲಿ ಕಟ್ಟಿಸಿಕೊಂಡರೂ ಸೇನ್ ಮ್ಯಾ ಹೊರಡಲಿಲ್ಲ. ನೋಡಿಯೇ ಹೋಗುವುದೆಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಓನ್ ಖಿನ್ ಹಿಂದೆ ನೋಡಿದರು. ಹಿಂದಿನವರೆಲ್ಲ ಅವರನ್ನೇ ನೋಡುತ್ತಿದ್ದರು. ಆಮೇಲೆ, ಪ್ರಾರ್ಥನೆ ಮರೆತ ಮಗುವಿನ ದನಿಯಲ್ಲಿ, "ನನಗೂ... ಅದೇ," ಎಂದರು.

"ಅದೇ ಅಂದ್ರೆ ಯಾವುದು, ಟೀಚರಮ್ಮಾ?" ಎಂದಳು ಮಾ ಲೇ ನ್ವೆ, ಹೊಸದಾಗಿ ಒಂದು ಎಲೆಗೆ ಸುಣ್ಣ ಸವರುತ್ತ. ಅವಳಿಗೇನೂ ಅವಸರವಿರಲಿಲ್ಲ.